ಓರೆಗೆ ಕೊಯ್ದ ಅಳತೆ

— ಸ್ಕ್ಯಾನ್ ಮಾಡ್ಸಿದ್ದು ಒಂದೇ ಸಲ ಕಣವ್ವ. ಸಿ.ಡಿ.ನೂ ಒಂದೇ. ಮೊದಲು ಓದಿದೋರು ಹೊಟ್ಟೆ ಒಳಗಿನ ದೊಡ್ಡ ರಕ್ತನಾಳ ಊದ್ಕಂಡದೆ, 4.2 ಸೆಂಟಿಮೀಟರ್ ಆಗದೆ ಅಂದ್ರು. ಇನ್ನೊಬ್ರಿಗೂ ತೋರ್ಸನ ಅಂತ ಹೋದ್ರೆ ಅವರು ಅದೇ ಸಿ.ಡಿ. ನೋಡಿ 4.6 ಅಂತ ಬರ್ದ್ರು. ಈಗ ನಾನು ಯಾರ್ನ ನಂಬ್ಲಿ?

— ಇಬ್ಬರೂ ಸುಳ್ಳು ಹೇಳಿಲ್ಲ ದೊಡ್ಡಪ್ಪ.

— ಅದೆಂಗಾಯ್ತದೆ? ಒಂದೇ ನಾಳ, ಒಂದೇ ಚಿತ್ರ. ಲೆಕ್ಕ ಎರಡು.

— ನಾಲ್ಕು ಮಿಲಿಮೀಟರ್ ತಾನೆ ಅಂತ ಬಿಡೋ ಹಾಗೂ ಇಲ್ಲ. ಹೊಟ್ಟೆಯ ಮಹಾಪಧಮನಿ ಸರಿಯಾಗಿದ್ದರೆ ಹೆಚ್ಚುಕಮ್ಮಿ 2 ಸೆಂಟಿಮೀಟರ್ ಅಗಲ ಇರುತ್ತೆ. 3 ಮುಟ್ಟಿದರೆ ಅನ್ಯೂರಿಸಂ ಅಂತಾರೆ. ಬ್ರಿಟನ್ನಿನ ಸರ್ಕಾರಿ ತಪಾಸಣೆಯ ಪದ್ಧತಿ ನೋಡಿ: 4.4ರವರೆಗೆ ವರ್ಷಕ್ಕೊಂದು ಸಲ ನೋಡ್ತಾರೆ, 4.5 ಆಯ್ತು ಅಂದರೆ ಮೂರು ತಿಂಗಳಿಗೊಂದು ಸಲ. ಗಂಡಸರಲ್ಲಿ 5.5 ಆದರೆ ಆಪರೇಶನ್ ಮಾತು ಶುರು. ನಿಮ್ಮ ಎರಡು ಕಾಗದದ ನಡುವೆ ಆ 4.5ರ ಗಡಿ ಬಂದು ಕೂತಿದೆ. ಒಬ್ಬರ ಲೆಕ್ಕಕ್ಕೆ ಮುಂದಿನ ವರ್ಷ ಹೋದರೆ ಸಾಕು. ಇನ್ನೊಬ್ಬರ ಲೆಕ್ಕಕ್ಕೆ ಕಬ್ಬು ಕಡಿದು ಮುಗಿಯೋದರೊಳಗೆ ಮತ್ತೆ ಹೋಗಬೇಕು.

— ಮುಗಿಯೋದು ಯಾವಾಗ? ಕಾರ್ಖಾನೆಯಿಂದ ಕಟಾವಿಗೆ ಆರ್ಡರೇ ಬಂದಿಲ್ಲ. ಮಾಕವಳ್ಳಿಯಲ್ಲೇ ಫ್ಯಾಕ್ಟರಿ ಇದ್ರೂ ಮಾಕವಳ್ಳಿ ಕಬ್ಬು ಕಾಯ್ತಾ ನಿಂತಿರ್ತದೆ. ಅದಿರ್ಲಿ. ನೀನು ಬೆಂಗಳೂರಲ್ಲಿ ಇದೇ ಸಾಫ್ಟ್‌ವೇರ್ ಕೆಲಸ ತಾನೆ ಮಾಡದು? ತಗಿ ನಿನ್ನ ಲ್ಯಾಪ್‌ಟಾಪು. ಬೀರಲ್ಲಿ ಮಡಗಿದೀನಿ ಸಿ.ಡಿ.ಯ.

— ತೆಗೀತೀನಿ. ಆದರೆ ಮೊದಲೇ ಹೇಳ್ತೀನಿ, ನಾನು ಡಾಕ್ಟರಲ್ಲ. ಈ ಪ್ರೋಗ್ರಾಂ ಹೆಸರು 3ಡಿ ಸ್ಲೈಸರ್. ಇದು ಸಂಶೋಧನೆಗೆ ಅಂತ ಇರೋದು, ಚಿಕಿತ್ಸೆ ತೀರ್ಮಾನ ಮಾಡೋಕೆ ಮಂಜೂರಾಗಿರೋದಲ್ಲ. ನಾವು ನೋಡೋದೆಲ್ಲ ಡಾಕ್ಟರಿಗೆ ಸರಿಯಾದ ಪ್ರಶ್ನೆ ಕೇಳೋಕೆ ಮಾತ್ರ.

— ಆಯ್ತು ಕಣವ್ವ. ನಾನೇನು ನಿನ್ನ ಕೈಲಿ ಹೊಟ್ಟೆ ಕೊಯ್ಸ್ಕಳಕ್ಕೆ ಕೂತಿಲ್ಲ.

— ಇಲ್ಲಿ ನೋಡಿ. ಹೊಟ್ಟೆಯನ್ನ ಮೇಲಿಂದ ಕೆಳಕ್ಕೆ ಅಡ್ಡಡ್ಡವಾಗಿ ತೆಳ್ಳಗೆ ಕೊಯ್ದ ಹಾಗೆ ನೂರಾರು ಚಿತ್ರ. ಬೆಳ್ಳಗೆ ಹೊಳೀತಿರೋದು ಬೆನ್ನುಮೂಳೆ. ಅದರ ಮುಂದೆ, ಇದೂ ಬೆಳ್ಳಗಿರೋದು, ಮಹಾಪಧಮನಿ. ಕೈಗೆ ಸೂಜಿ ಹಾಕಿ ಬಿಟ್ಟರಲ್ಲ ಔಷಧ, ಮೈಯೆಲ್ಲ ಬೆಚ್ಚಗಾಯ್ತು ಅಂದ್ರಲ್ಲ, ಆ ಕಾಂಟ್ರಾಸ್ಟ್ ರಕ್ತದಲ್ಲಿ ಬೆರೆತಿರೋದಕ್ಕೆ ಅದು ಹೊಳೀತಿದೆ. ಎರಡನೆಯವರು ಈ ಅಡ್ಡ ಚಿತ್ರದಲ್ಲೇ ಈ ಅಂಚಿಂದ ಆ ಅಂಚಿಗೆ ಗೆರೆ ಎಳೆದಿರಬೇಕು. ನಾನೂ ಎಳೀತೀನಿ. 4.6.

— ಸರಿಯಾಗೇ ಬಂತಲ್ಲ.

— ಈ ಆಕಾರ ನೋಡಿ ದೊಡ್ಡಪ್ಪ. ದುಂಡಗಿದೆಯಾ?

— ಇಲ್ಲ. ಮೊಟ್ಟೆ ಹಂಗದೆ. ಒಂದು ಕಡೆಗೆ ಎಳ್ಕಂಡದೆ.

— ನಾಳ ನೆಟ್ಟಗೆ ಕೆಳಕ್ಕೆ ಇಳಿದಿದ್ದರೆ ದುಂಡಗೆ ಕಾಣ್ತಿತ್ತು. ವಯಸ್ಸಾದ ಮೇಲೆ ನಾಳ ಡೊಂಕಾಗುತ್ತೆ, ಊದಿದ ಕಡೆ ಇನ್ನೂ ಹೆಚ್ಚು ವಾಲುತ್ತೆ. ಸ್ಕ್ಯಾನಿನ ಚಿತ್ರ ಮೈಗೆ ಅಡ್ಡವಾಗಿ ಕೊಯ್ದಿದ್ದು, ನಾಳಕ್ಕೆ ಅಡ್ಡವಾಗಿ ಕೊಯ್ದಿದ್ದಲ್ಲ.

— ತಡಿ ತಡಿ. ಇದು ನಂಗೆ ಗೊತ್ತು. ಹೇಮಗಿರಿ ನಾಲೇಲಿ ಸೌಡಿ ಆಗಿದ್ದಾಗ ಹೂಳು ಎತ್ತೋ ಕಂಟ್ರಾಕ್ಟ್ರು ಇದನ್ನೇ ಮಾಡೋರು. ನಾಲೆ ತಿರುಗೋ ಜಾಗದಲ್ಲಿ ಟೇಪನ್ನ ಓರೆಗೆ ಹಿಡ್ದು ಅಗಲ ಜಾಸ್ತಿ ತೋರ್ಸೋರು. ಅಗಲ ಜಾಸ್ತಿ ಆದ್ರೆ ಮಣ್ಣಿನ ಲೆಕ್ಕ ಜಾಸ್ತಿ, ಬಿಲ್ಲೂ ಜಾಸ್ತಿ. ನಮ್ಮ ಇಂಜಿನಿಯರೊಬ್ರು ಇದ್ರು, ಬಿಡ್ತಿರ್ಲಿಲ್ಲ. ಮೊದಲು ಸೆಂಟರ್‌ಲೈನಿಗೆ ಗೂಟ ಹೊಡ್ಸೋರು. ಗೂಟದಿಂದ ಗೂಟಕ್ಕೆ ಚೈನು. ಆ ಗೆರೆಗೆ ಮೂಲೆಮಟ್ಟ ಇಕ್ಕಿ ಅಡ್ಡ ಅಳೆಸೋರು. ಅಂಗೆ ಅಳೆದದ್ದೇ ಅಗಲ, ಮಿಕ್ಕಿದ್ದೆಲ್ಲ ಬೊಗಳೆ.

— ಈ ಸಾಫ್ಟ್‌ವೇರಿಗೆ ಸೇರಿಸಿರೋ ರಕ್ತನಾಳದ ಸಲಕರಣೆ ಮಾಡೋದು ಪೂರ್ತಿ ಅಷ್ಟೇ. ಗೂಟ ಹೊಡೆದು, ಚೈನು ಎಳೆದು, ಮೂಲೆಮಟ್ಟ ಇಟ್ಟು ಅಳೆಯೋದು. ಓರೆ ಆದಷ್ಟೂ ಸುಳ್ಳು ಹೆಚ್ಚುತ್ತೆ. ನಿಜವಾದ ಅಗಲ 4.2 ಇದ್ದು ನಾಳ 24 ಡಿಗ್ರಿ ವಾಲಿದ್ದರೆ ಅಡ್ಡ ಚಿತ್ರದಲ್ಲಿ 4.6 ಕಾಣುತ್ತೆ. 40 ಡಿಗ್ರಿ ವಾಲಿದ್ದರೆ ಅದೇ 4.2 ನಾಳ 5.5ರ ಹತ್ತಿರ ಹೋಗಿ ನಿಲ್ಲುತ್ತೆ.

— ಅಂದ್ರೆ ಆಪರೇಶನ್ನಿಗೆ ಬರ್ದ್‌ಬುಡ್ತಾರೆ.

— ಅನುಭವ ಇರೋರು ಬರೆಯಲ್ಲ. ಹಳೇ ಕಾಲದ ರೇಡಿಯಾಲಜಿಸ್ಟರಿಗೂ ಇದು ಗೊತ್ತಿತ್ತು. ಮೊಟ್ಟೆ ಆಕಾರ ಕಂಡರೆ ಉದ್ದದ ಕಡೆ ಬಿಟ್ಟು ಗಿಡ್ಡ ಕಡೆ ಅಳೆಯೋರು, ಓರೆ ಕೊಯ್ದರೆ ಹಿಗ್ಗೋದು ಒಂದು ದಿಕ್ಕಿಗೆ ಮಾತ್ರ ಅಲ್ವಾ. ಮೊದಲು ಓದಿದವರು ಹಾಗೆ ಮಾಡಿರಬಹುದು. ಆದರೆ ಊತವೇ ಒಂದು ಪಕ್ಕಕ್ಕೆ ಉಬ್ಬಿದ್ದರೆ ಆ ಉಪಾಯ ಕೈಕೊಡುತ್ತೆ. ಆಗ ಗೂಟ ಹೊಡೆಯಲೇಬೇಕು.

— ಹೊಡಿ ಮತ್ತೆ. ಒಳಗಿರೋ ನಾಳಕ್ಕೆ ಗೂಟ ಎಂಗೆ ಹೊಡೀತೀಯ?

— ಮೊದಲು ನಾಳವನ್ನ ಚಿತ್ರದಿಂದ ಬಿಡಿಸಬೇಕು. ಸಿ.ಟಿ. ಚಿತ್ರದಲ್ಲಿ ಪ್ರತಿ ಚುಕ್ಕೆಗೂ ಒಂದು ಅಂಕಿ ಇದೆ. ಸಿ.ಟಿ. ಯಂತ್ರ ಮಾಡಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಹೆಸರಲ್ಲೇ ಆ ಅಳತೆಪಟ್ಟಿ. ನೀರಿಗೆ 0, ಗಾಳಿಗೆ ಮೈನಸ್ 1000. ಕಾಂಟ್ರಾಸ್ಟ್ ತುಂಬಿದ ರಕ್ತ ಇನ್ನೂರು ಮುನ್ನೂರರ ಮೇಲಿರುತ್ತೆ. ಇಷ್ಟರ ಮೇಲಿರೋದನ್ನೆಲ್ಲ ಎತ್ತಿಕೋ ಅಂತ ಹೇಳಿದರೆ... ನೋಡಿ, ಏನಾಯ್ತು?

— ನಾಳದ ಜೊತೆ ಬೆನ್ನುಮೂಳೇನೂ ಬಂತು.

— ಮೂಳೆಯ ಅಂಕಿಯೂ ಅಲ್ಲೇ ಇರುತ್ತೆ. ನಾಳ ಮೂಳೆಗೆ ತಾಗಿಕೊಂಡಿರೋ ಕಡೆ ಬಣ್ಣ ಮೂಳೆ ಒಳಕ್ಕೆ ನುಗ್ಗುತ್ತೆ. ನಾವು ಅದನ್ನ ಲೀಕ್ ಅಂತಲೇ ಕರೀತೀವಿ.

— ನಾಲೆ ಒಡ್ಕತ್ತು ಅನ್ನು.

— ಹ್ಞೂ. ಒಡೆಯೋದು ತಡೆಯೋಕೆ ಬೇರೆ ಬೇರೆ ಯುಕ್ತಿ ಇವೆ. 1998ರಲ್ಲಿ ಅಲೆಹಾಂದ್ರೊ ಫ್ರಾಂಗಿ ಮತ್ತೆ ಜೊತೆಗಾರರು ಪ್ರಕಟಿಸಿದ ಒಂದು ಲೆಕ್ಕವನ್ನ ಇವತ್ತಿಗೂ ಎಲ್ಲರೂ ಬಳಸ್ತಾರೆ. ಒಂದು ಚುಕ್ಕೆಯ ಸುತ್ತ ಬೆಳಕು ಯಾವ ದಿಕ್ಕಿಗೆ ಎಷ್ಟು ಬದಲಾಗುತ್ತೆ ಅಂತ ನೋಡೋದು. ಉದ್ದಕ್ಕೆ ಹೋದರೆ ಬದಲಾಗಲ್ಲ, ಅಡ್ಡಕ್ಕೆ ಎರಡೂ ದಿಕ್ಕಿಗೆ ಸರ‍್ರನೆ ಇಳಿಯುತ್ತೆ ಅಂದರೆ ಅಲ್ಲಿ ಕೊಳವೆ ಇದೆ. ಮೂಳೆ ಗಟ್ಟಿ ಗಡ್ಡೆ, ಆ ಪರೀಕ್ಷೆಯಲ್ಲಿ ಪಾಸಾಗಲ್ಲ. ಸಣ್ಣ ನಾಳಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ನಿಮ್ಮದರಂಥ ಊದಿದ ಚೀಲ ಕೊಳವೆಯಂತೆ ಇರಲ್ಲವಲ್ಲ, ಅಲ್ಲಿ ಇದೂ ತಡವರಿಸುತ್ತೆ. ಕೈಯಿಂದ ಕತ್ತರಿಸಬೇಕು. ಕತ್ತರಿಸಿದೆ. ಈಗ ನಾಳ ಒಂದೇ ಉಳಿದಿದೆ, ತಿರುಗಿಸಿ ನೋಡಿ.

— ಅಬ್ಬಾ. ಇದು ನಂದಾ?

— ನಿಮ್ಮದೇ. ಈಗ ಮೇಲೊಂದು ಚುಕ್ಕೆ ಇಡ್ತೀನಿ, ಕೆಳಗೆ ಎರಡು ಕಾಲಿಗೆ ಕವಲಾಗುತ್ತಲ್ಲ, ಅಲ್ಲಿ ಎರಡು. ಇವೇ ಗೂಟ. ನಡುವಿನ ದಾರಿ ಲೆಕ್ಕವೇ ಹುಡುಕುತ್ತೆ. ಗೋಡೆಗೆ ತಾಗದ ಹಾಗೆ ಒಳಗೆ ಎಷ್ಟು ದೊಡ್ಡ ಗೋಳ ಹಿಡಿಯುತ್ತೆ ಅಂತ ಪ್ರತಿ ಜಾಗದಲ್ಲೂ ನೋಡುತ್ತೆ. ದೊಡ್ಡ ಗೋಳ ಹಿಡಿಯೋ ಜಾಗಗಳನ್ನೇ ಹಿಡಿದುಕೊಂಡು ಮೇಲಿಂದ ಕೆಳಕ್ಕೆ ಬಂದರೆ ಅದೇ ನಡುಗೆರೆ. ಗಣಿತದವರು ವೊರೊನಾಯ್ ನಕ್ಷೆ ಅಂತ ಹೇಳೋದನ್ನ ಇಲ್ಲಿ ಬಳಸ್ತಾರೆ. ಗೆರೆ ಬಂತು. ಈಗ ಗೆರೆಗೆ ಮೂಲೆಮಟ್ಟ ಇಟ್ಟು ಕೊಯ್ದರೆ...

— ದುಂಡಗೆ ಬಂತು.

— 4.2ಕ್ಕೆ ಒಂದು ಕೂದಲು ಜಾಸ್ತಿ.

— ಹಂಗಾದ್ರೆ ಮೊದಲನೇರು ಸರಿ. ಮುಗೀತು.

— ಮುಗೀಲಿಲ್ಲ. ನಾನು ಬಿಡಿಸಿದ್ದು ರಕ್ತ ಹರಿಯೋ ದಾರಿ ಮಾತ್ರ. ಬೆಳ್ಳಗೆ ಹೊಳೆದಿದ್ದು ಅದೊಂದೇ. ಊದಿದ ನಾಳದ ಒಳಗೋಡೆಗೆ ರಕ್ತ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತೆ. ಆ ಹೆಪ್ಪಿಗೆ ಕಾಂಟ್ರಾಸ್ಟ್ ಹೋಗಲ್ಲ, ಬೂದುಬಣ್ಣದಲ್ಲೇ ಉಳಿಯುತ್ತೆ. ಇಲ್ಲಿ, ಬೆಳಕಿನ ಹೊರಗೆ, ಒಂದು ಪಕ್ಕದಲ್ಲಿ ತೆಳುವಾಗಿ ಕಾಣುತ್ತಲ್ಲ.

— ಹೂಳು.

— ಹೂಳೇ. ನೀರಿನ ಅಗಲ ಅಳೆದು ನಾಲೆ ಅಗಲ ಅಂದ ಹಾಗಾಗುತ್ತೆ. ನಾಳ ಒಡೆಯೋದು ಹೊರಗಿನ ಗೋಡೆ ಹರಿದಾಗ, ಅದಕ್ಕೇ ಗೋಡೆಯಿಂದ ಗೋಡೆಗೆ ಅಳೀಬೇಕು. ನಿಮ್ಮದರಲ್ಲಿ ಹೆಪ್ಪು ಕಮ್ಮಿ ಇದೆ, ಸೇರಿಸಿದರೂ 4.3 ದಾಟಲ್ಲ ಅನ್ನಿಸುತ್ತೆ. ಕೆಲವರಲ್ಲಿ ಅರ್ಧ ಚೀಲ ಹೆಪ್ಪೇ ತುಂಬಿರುತ್ತೆ. ಅಂಥವರ ಸ್ಕ್ಯಾನಿಗೆ ಬರೀ ಹೊಳೆಯೋದನ್ನ ಎತ್ತೋ ಸಲಕರಣೆ ಹಾಕಿದರೆ ಚಂದದ ತೆಳ್ಳನೆ ನಾಳ ತೋರಿಸಿ ಮನೆಗೆ ಕಳಿಸಿಬಿಡುತ್ತೆ. ಓರೆ ಅಳತೆಗಿಂತ ಇದು ಅಪಾಯ. ಓರೆ ಅಳತೆ ಸುಮ್ಮನೆ ಹೆದರಿಸುತ್ತೆ, ಇದು ಸುಮ್ಮನೆ ಧೈರ್ಯ ಹೇಳುತ್ತೆ. ಇನ್ನೊಂದು ತೊಡಕಿದೆ. ಬ್ರಿಟನ್ನಿನ ತಪಾಸಣೆಯಲ್ಲಿ ಅಲ್ಟ್ರಾಸೌಂಡ್ ಹಿಡಿದು ಒಳಗೋಡೆಯಿಂದ ಒಳಗೋಡೆಗೆ ಅಳೀತಾರೆ. ಸಿ.ಟಿ.ಯಲ್ಲಿ ಹೊರಗಿಂದ ಹೊರಕ್ಕೆ ಅಳೆಯೋ ರೂಢಿ. ಅದೇ ನಾಳಕ್ಕೆ ಅಲ್ಲೂ ಕೆಲವು ಮಿಲಿಮೀಟರ್ ವ್ಯತ್ಯಾಸ.

— ಇಷ್ಟೆಲ್ಲ ಇದ್ದೂ ಕಾಗದದಲ್ಲಿ ಒಂದೇ ಒಂದು ಅಂಕಿ ಬರ್ದು ಕೊಡ್ತಾರಲ್ಲವ್ವ! ನಾಲೆ ಕೆಲಸಕ್ಕೆ ಎಂ.ಬಿ. ಅಂತ ಪುಸ್ತಕ ಇರ್ತದೆ. ಯಾವ ಚೈನೇಜಲ್ಲಿ ಅಳ್ದೆ, ಉದ್ದ ಎಷ್ಟು, ಅಗಲ ಎಷ್ಟು, ಆಳ ಎಷ್ಟು, ಯಾರು ಅಳ್ದ್ರು, ಯಾರು ಚೆಕ್ ಮಾಡಿದ್ರು, ಎಲ್ಲಾ ಬರೀಬೇಕು. ಹತ್ತು ವರ್ಷ ಬಿಟ್ಟು ಆಡಿಟ್‌ನೋರು ಬಂದ್ರೂ ಅದೇ ಜಾಗಕ್ಕೆ ಹೋಗಿ ಟೇಪ್ ಹಿಡೀಬೋದು. ಒಂದು ಲೋಡು ಮಣ್ಣಿಗೆ ಅಷ್ಟು ಕಟ್ಟುನಿಟ್ಟು. ಮನುಷ್ಯನ ಹೊಟ್ಟೆಗೆ ಎಂ.ಬಿ. ಇಲ್ವಾ?

— ನನ್ನ ಮಟ್ಟಿಗೆ ಈ ಸಲಕರಣೆಯ ನಿಜವಾದ ಬೆಲೆ ಅಲ್ಲೇ ಇದೆ ದೊಡ್ಡಪ್ಪ. ಎಲ್ಲರೂ ಮರುಳಾಗೋದು ಆ ತಿರುಗೋ ಕೆಂಪು ನಾಳದ ಚಿತ್ರಕ್ಕೆ. ಜಾಹೀರಾತಲ್ಲೂ ಅದೇ ಇರುತ್ತೆ. ನನಗೆ ಅದರಿಂದ ಅಂಥ ಉಪಯೋಗ ಏನೂ ಕಾಣಲ್ಲ. ಉಪಯೋಗ ಇರೋದು ನಾನು ಈಗ ಉಳಿಸಿಟ್ಟಿರೋದರಲ್ಲಿ: ಎಲ್ಲಿ ಚುಕ್ಕೆ ಇಟ್ಟೆ, ಎಲ್ಲಿ ಮೂಳೆ ಕತ್ತರಿಸಿದೆ, ಗೆರೆ ಎಲ್ಲಿ ಹೋಯ್ತು, ಗೆರೆಯ ಎಷ್ಟನೇ ಮಿಲಿಮೀಟರಿನಲ್ಲಿ ಅಡ್ಡ ಕೊಯ್ದೆ. ಇನ್ನೊಬ್ಬರು ಇದನ್ನ ತೆರೆದು, ನಿನ್ನ ಗೂಟ ತಪ್ಪು ಅಂತ ಹೇಳಬಹುದು. ಮುಂದಿನ ವರ್ಷದ ಸ್ಕ್ಯಾನನ್ನ ಇದೇ ಗೆರೆಯ ಇದೇ ಜಾಗದಲ್ಲಿ ಅಳೀಬಹುದು.

— ಈ ನಾಳದ ಸಲಕರಣೆನ ಸೇರ್ಸಿದ್ದು ಯಾರು? ನಿಮ್ಮ ಕಂಪನಿನಾ?

— ಅಲ್ಲ, ಇದು ಪುಕ್ಕಟೆ. ಸ್ಲೈಸರ್ ಶುರುವಾಗಿದ್ದು 1998ರಲ್ಲಿ, ಅಮೆರಿಕದ ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆಸ್ಪತ್ರೆ ಮತ್ತೆ ಎಂಐಟಿ ಸೇರಿ. ಮೂಲ ಯೋಚನೆ ಮಿದುಳಿನ ಶಸ್ತ್ರಚಿಕಿತ್ಸೆಗೆ ನೆರವಾಗಲಿ ಅಂತ. ರಕ್ತನಾಳದ ಭಾಗ ಹುಟ್ಟಿದ್ದು ಬೇರೆ ಕಡೆ. ಇಟಲಿಯ ಲೂಕಾ ಆಂಟಿಗಾ, ಕೆನಡಾದ ಡೇವಿಡ್ ಸ್ಟೈನ್‌ಮನ್ ಕಟ್ಟಿದ್ದು, ವಿಎಂಟಿಕೆ ಅಂತ. ಅವರಿಗೆ ಬೇಕಿದ್ದದ್ದು ನಾಳದೊಳಗೆ ರಕ್ತ ಹರಿಯೋ ಲೆಕ್ಕ. ತಮಾಷೆ ಅಂದರೆ ಅದೇ ಆಂಟಿಗಾ ಆಮೇಲೆ ಎ.ಐ. ಕಡೆ ಹೋಗಿ ಅದರ ಸಲಕರಣೆ ಪೈಟಾರ್ಚ್ ಬಗ್ಗೆ ಪುಸ್ತಕ ಬರೆದವರಲ್ಲೊಬ್ಬರಾದರು. ನಮ್ಮ ಆಫೀಸಿನ ಹುಡುಗರಿಗೆ ಅವರು ಗೊತ್ತಿರೋದು ಆ ಪುಸ್ತಕದಿಂದ. ವಿಎಂಟಿಕೆಯಲ್ಲಿ ಲೆಕ್ಕ ಚೆನ್ನಾಗಿತ್ತು, ಆದರೆ ಕಪ್ಪು ಪರದೆ ಮೇಲೆ ಒಂದೊಂದೇ ಆಜ್ಞೆ ಟೈಪ್ ಮಾಡಬೇಕಿತ್ತು. ಯಾವ ಡಾಕ್ಟರು ಮಾಡ್ತಾರೆ? ಸ್ಲೈಸರಲ್ಲಿ ಚಿತ್ರ ತೆರೆದು ನೋಡೋ ಅನುಕೂಲ ಇತ್ತು, ನಾಳದ ಲೆಕ್ಕ ಇರಲಿಲ್ಲ. ಎರಡರ ಅಡಿಪಾಯವೂ ವಿಟಿಕೆ ಅನ್ನೋ ಒಂದೇ ಕೋಡಿನ ಸಂಗ್ರಹ ಆಗಿದ್ದಕ್ಕೆ ಜೋಡಿಸೋಕೆ ಸಾಧ್ಯವಾಯ್ತು. ಹೊಸ ಗಣಿತ ಏನೂ ಬರಲಿಲ್ಲ. ಮೊದಲೇ ಇದ್ದ ಲೆಕ್ಕ, ಚಿತ್ರ ನೋಡೋ ಜಾಗಕ್ಕೇ ಬಂತು.

— ಅಷ್ಟೇನಾ?

— ಅಷ್ಟು ಸಣ್ಣದಲ್ಲ ಅದು. ಬೇರೆ ಪ್ರೋಗ್ರಾಂಗೆ ಚಿತ್ರ ಸಾಗಿಸಬೇಕು ಅಂದರೆ ಪ್ರಬಂಧ ಬರೆಯೋ ವಿದ್ಯಾರ್ಥಿ ಮಾಡ್ತಾನೆ, ಹೊರಗೆ ರೋಗಿಗಳ ಸಾಲು ಇರೋ ಡಾಕ್ಟರು ಮಾಡಲ್ಲ. ಕಣ್ಣೆದುರಿಗೇ ಇದ್ದರೆ ಮಾಡಿದರೂ ಮಾಡಿಯಾರು. ದೊಡ್ಡ ಆಸ್ಪತ್ರೆಗಳಲ್ಲಿ ಸ್ಕ್ಯಾನರ್ ಕಂಪನಿಗಳೇ ಕೊಡೋ ಮಂಜೂರಾದ ಯಂತ್ರಗಳಲ್ಲಿ ನಡುಗೆರೆ ಎಳೆಯೋದು ಬಹಳ ವರ್ಷದಿಂದ ಇದೆ, ಬೆಲೆ ಮಾತ್ರ ಕೇಳಬೇಡಿ. ಪುಕ್ಕಟೆ ಇರೋದರಿಂದ ನಮ್ಮ ಬಿ.ಜಿ. ನಗರದ ಆದಿಚುಂಚನಗಿರಿ ಕಾಲೇಜಿನಂಥ ಕಡೆ ಓದೋ ಎಂ.ಡಿ. ವಿದ್ಯಾರ್ಥಿ ತನ್ನ ಹಾಸ್ಟೆಲ್ ಲ್ಯಾಪ್‌ಟಾಪಿನಲ್ಲೇ ಇದನ್ನ ಕಲಿಯಬಹುದು. ನಾಳೆ ದುಬಾರಿ ಯಂತ್ರದ ಮುಂದೆ ಕೂತಾಗ ಅದು ಏನು ಮಾಡ್ತಿದೆ ಅಂತ ಅವನಿಗೆ ಗೊತ್ತಿರುತ್ತೆ.

— ಪುಕ್ಕಟೆ ಕೊಟ್ಟೋರಿಗೆ ಏನು ಗಿಟ್ತದೆ?

— ಎಲ್ಲವೂ ಮೊದಲಿಂದ ಪುಕ್ಕಟೆ ಇರಲಿಲ್ಲ. ಈ ಅಂಕಿಗಳ ರಾಶಿಯಿಂದ ನಾಳದ ಮೇಲ್ಮೈ ಹೊಲಿಯೋ ವಿಧಾನ ಇದೆಯಲ್ಲ, ಮಾರ್ಚಿಂಗ್ ಕ್ಯೂಬ್ಸ್ ಅಂತ, ಅದನ್ನ 1987ರಲ್ಲಿ ಪ್ರಕಟಿಸಿದ್ದು ಜಿಇ ಕಂಪನಿಯ ವಿಲಿಯಂ ಲೊರೆನ್ಸನ್, ಹಾರ್ವೆ ಕ್ಲೈನ್. ಪೇಟೆಂಟ್ ಇತ್ತು. ವಿಟಿಕೆ ಬರೆದವರಲ್ಲಿ ಲೊರೆನ್ಸನ್ನೇ ಒಬ್ಬರು, ಆದರೂ ಅದರಲ್ಲಿ ಆ ಭಾಗವನ್ನ ಪೇಟೆಂಟ್ ಇರೋದು ಅಂತ ಬೇರೆ ಗೂಡಲ್ಲಿ ಇಟ್ಟಿದ್ದರು. ಅವಧಿ ಮುಗಿದಿದ್ದು 2005ರಲ್ಲಿ. ಅದೇ ಜಿಇ 2000ದಲ್ಲಿ ಬೆಂಗಳೂರಿನ ವೈಟ್‌ಫೀಲ್ಡಲ್ಲಿ ಜಾನ್ ಎಫ್. ವೆಲ್ಚ್ ಹೆಸರಿನ ಕೇಂದ್ರ ತೆರೀತು. ನಮ್ಮ ಕಡೆಯ ಎಷ್ಟೋ ಹುಡುಗರು ಈ ಚಿತ್ರದ ಕೆಲಸಕ್ಕೆ ಬಂದಿದ್ದು ಆ ಥರದ ಬಾಗಿಲಿಂದ.

— ಸರಿ. ಈಗ ಈ ಗೆರೆ ಯಾತಕ್ಕೆ ಇಷ್ಟುದ್ದ? ಊದಿರೋ ಜಾಗ ಒಂದು ಅಳೆದ್ರೆ ಸಾಲ್ದಾ?

— ಕಾಯೋದಕ್ಕೆ ಸಾಕು. ರಿಪೇರಿಗೆ ಸಾಲಲ್ಲ. ಮೊದಲೆಲ್ಲ ಹೊಟ್ಟೆ ತೆಗೆದು ಊದಿದ ತುಂಡಿನ ಜಾಗಕ್ಕೆ ಬಟ್ಟೆ ಕೊಳವೆ ಹೊಲೀತಿದ್ದರು. 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋದಿ ತೊಡೆಯ ನಾಳದಿಂದಲೇ ಮಡಿಸಿದ ಕೊಳವೆ ಏರಿಸಿ ಒಳಗೆ ಬಿಚ್ಚಿದರು. ಈಗ ಅದು ಸಾಮಾನ್ಯ. ಆ ಕೊಳವೆ ಹಿಡಿದು ನಿಲ್ಲಬೇಕು ಅಂದರೆ ಊತಕ್ಕೆ ಮೇಲೆ, ಮೂತ್ರಪಿಂಡದ ನಾಳಕ್ಕೆ ಕೆಳಗೆ, ಒಂದಿಷ್ಟು ಚೆನ್ನಾಗಿರೋ ಕುತ್ತಿಗೆ ಸಿಗಬೇಕು, ಒಂದು ಒಂದೂವರೆ ಸೆಂಟಿಮೀಟರಾದರೂ. ಅದು ವಿಪರೀತ ಡೊಂಕಿರಬಾರದು. ಕೊಳವೆ ಅಲ್ಲಿನ ಅಗಲಕ್ಕಿಂತ ಶೇಕಡ 10ರಿಂದ 20 ದಪ್ಪ ಇರಬೇಕು, ಇಲ್ಲದಿದ್ದರೆ ಪಕ್ಕದಿಂದ ರಕ್ತ ಜಿನುಗುತ್ತೆ. ಉದ್ದವನ್ನ ನೆಟ್ಟಗೆ ಅಳೆದರೆ ಡೊಂಕಿನ ಲೆಕ್ಕ ತಪ್ಪಿ ಕೊಳವೆ ಗಿಡ್ಡ ಆಗುತ್ತೆ. ಗೆರೆಯ ಮೇಲೇ ಅಳೀಬೇಕು.

— ಐನ್‌ಸ್ಟೀನ್ ಅನ್ನೋರಿಗೂ ಇದೇ ಇತ್ತಂತೆ? ನಿಮ್ಮಪ್ಪ ಹೇಳ್ತಿದ್ದ.

— ಇತ್ತು. 1948ರಲ್ಲಿ ರುಡಾಲ್ಫ್ ನಿಸ್ಸೆನ್ ಅನ್ನೋ ಸರ್ಜನ್ನು ಅವರ ಊದಿದ ನಾಳಕ್ಕೆ ಸೆಲೋಫೇನ್ ಹಾಳೆ ಸುತ್ತಿದರು. ಆಗ ಇದ್ದ ಉಪಾಯ ಅದು. 1955ರಲ್ಲಿ ಅದು ಒಡೆದೇ ಹೋದರು. ಆರು ವರ್ಷದ ಮೇಲೆ ಸಿಕ್ಕಿತು.

— ಇನ್ನು ಹರಿಯೋ ಲೆಕ್ಕ ಅಂದ್ಯಲ್ಲ. ಗೆರೆ ಅದೆ, ಗೋಡೆ ಅದೆ. ರಕ್ತ ಹರಿಸಿ ಎಲ್ಲಿ ಒಡೀತದೆ ಅಂತ ಹೇಳ್‌ಬುಡದಾ?

— ಹೃದಯದ ನಾಳಗಳಿಗೆ ಆ ಥರದ ಲೆಕ್ಕ ಬಳಕೆಗೇ ಬಂದಿದೆ. ಅಮೆರಿಕದ ಹಾರ್ಟ್‌ಫ್ಲೋ ಕಂಪನಿಗೆ 2014ರಲ್ಲಿ ಅಲ್ಲಿನ ಸರ್ಕಾರದ ಅನುಮತಿ ಸಿಕ್ಕಿತು. ಸಿ.ಟಿ. ಚಿತ್ರ ಕಳಿಸಿದರೆ ಅಡಚಣೆ ದಾಟಿದ ಮೇಲೆ ರಕ್ತದ ಒತ್ತಡ ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕಿ ಕೊಡ್ತಾರೆ. ನಿಮ್ಮ ಕಾಯಿಲೆಗೆ ಮಾತ್ರ ಇವತ್ತಿಗೂ ತೀರ್ಮಾನ ಆಗೋದು ಅಗಲದ ಮೇಲೇ. ಗೋಡೆ ಎಲ್ಲಿ ತೆಳು, ಎಲ್ಲಿ ಗಟ್ಟಿ ಅಂತ ಸಿ.ಟಿ. ಸರಿಯಾಗಿ ಹೇಳಲ್ಲ. ಗೋಡೆ ಗೊತ್ತಿಲ್ಲದೆ ಒಡೆಯೋ ಜಾಗ ಹೇಳ್ತೀನಿ ಅನ್ನೋರನ್ನ ಕಂಡರೆ ನನಗೆ ಅನುಮಾನ.

— ಏರಿ ಮಣ್ಣು ಯಾವ್ದು ಅಂತ ಗೊತ್ತಿಲ್ದೆ ನಾಲೆ ಎಲ್ಲಿ ಒಡೀತದೆ ಅನ್ನಕ್ಕಾಯ್ತದಾ? ಆದ್ರೂ ಒಂದು ಮಾತು. ಈಗ ನೀನು ಚುಕ್ಕೆ ಇಕ್ದೆ, ಮೂಳೆ ಕತ್ತರಿಸ್ದೆ. ನಾಳೆ ಈ ಎ.ಐ. ಬಂದು ಎಲ್ಲಾನೂ ತಾನೇ ಮಾಡ್ತದಂತಲ್ಲ. ಆಗ?

— ಈಗಲೇ ಮಾಡ್ತಿದೆ. ನಾಳ ಬಿಡಿಸೋದು ನಿಮಿಷದೊಳಗೆ ಆಗುತ್ತೆ, ಅದು ಒಳ್ಳೇದೇ. ನನ್ನ ತಕರಾರು ಒಂದೇ. ಬರೀ ಅಂಕಿ ಕೊಟ್ಟು ಗೆರೆ ಅಡಗಿಸಿಟ್ಟರೆ ನಾವು ಮತ್ತೆ ನಿಮ್ಮ ಎರಡು ಕಾಗದಕ್ಕೇ ಬಂದು ನಿಲ್ತೀವಿ. ಗೆರೆ ತೋರಿಸಲಿ, ತಿದ್ದೋಕೆ ಬಿಡಲಿ, ತಿದ್ದಿದ್ದು ಯಾರು ಅಂತ ಬರೆದಿಡಲಿ. ನಮ್ಮ ಆಫೀಸಲ್ಲಿ ಇದಕ್ಕೇ ಜಗಳ. ತೋರಿಸಿದರೆ ಪರದೆ ಗಿಜಿಗಿಜಿ ಆಗುತ್ತೆ, ಡಾಕ್ಟರಿಗೆ ಅಂಕಿ ಸಾಕು ಅಂತಾರೆ.

— ನಿಮ್ಮ ಆಫೀಸ್‌ನೋರು ಒಂದು ಸಲ ಎಂ.ಬಿ. ಬರೆದು ನೋಡ್ಲಿ. ಈಗ ನಾನು ಏನು ಮಾಡ್ಬೇಕು, ಅದನ್ನ ಹೇಳು.

— ಮೊದಲು ನೋಡಿದ ಡಾಕ್ಟರ ಹತ್ತಿರ ಎರಡೂ ಕಾಗದ, ಸಿ.ಡಿ. ತಗೊಂಡು ಹೋಗಿ. ಅಳತೆ ನಾಳಕ್ಕೆ ಅಡ್ಡವಾಗಿ ಮಾಡಿದ್ದಾ, ಹೊರಗೋಡೆಯಿಂದ ಹೊರಗೋಡೆಗಾ, ಅಂತ ಕೇಳಿ. ಮುಂದಿನ ಸಲವೂ ಅದೇ ರೀತಿ, ಆದಷ್ಟು ಅದೇ ಕಡೆ ಅಳೆಸಿ, ಹಳೇ ಸಿ.ಡಿ. ಪಕ್ಕದಲ್ಲಿ ಇಟ್ಟುಕೊಂಡೇ ಓದಲಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಬೀಡಿ ಇವತ್ತಿಂದಲೇ ಬಿಡಬೇಕು. ಈ ಕಾಯಿಲೆ ತರೋದರಲ್ಲೂ ಬೆಳೆಸೋದರಲ್ಲೂ ಬೀಡಿ ಸಿಗರೇಟಿಗಿಂತ ದೊಡ್ಡ ಕಾರಣ ಇಲ್ಲ.

— ಅದು ಗೊತ್ತಿತ್ತು, ಕೊನೇಗೆ ಅಲ್ಲಿಗೇ ಬತ್ತೀಯ ಅಂತ.

— ಇನ್ನೊಂದಿದೆ. ಒಬ್ಬರಿಗೆ ಬಂದರೆ ಒಡಹುಟ್ಟಿದವರಿಗೂ ಬರೋ ಸಂಭವ ಜಾಸ್ತಿ. ಬ್ರಿಟನ್ನಲ್ಲಿ 65 ತುಂಬೋ ಗಂಡಸರನ್ನೆಲ್ಲ ಕರೆದು ಹೊಟ್ಟೆ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೋಡ್ತಾರೆ. ನಮ್ಮಲ್ಲಿ ಕರೆಯೋರಿಲ್ಲ, ನಾವೇ ಹೋಗಬೇಕು. ಅಲ್ಟ್ರಾಸೌಂಡಿಗೆ ಸೂಜಿ ಇಲ್ಲ, ಔಷಧ ಇಲ್ಲ, ಐದು ಹತ್ತು ನಿಮಿಷದ ಕೆಲಸ.

— ಒಡಹುಟ್ಟಿದೋನು ಅಂದ್ರೆ ನಿಮ್ಮಪ್ಪ ಒಬ್ನೇ. ಅವನೂ ಬೀಡಿನೇ. ಕರ್ಕಂಡು ಹೋಗಿದ್ದಾ?

— ಕೇಳ್ತಿಲ್ಲ. ನನಗೇನಾಗಿದೆ ಅಂತಾರೆ.

— ನಂಗೂ ಏನೂ ಆಗಿರ್ಲಿಲ್ಲ. ಕಲ್ಲಿನ ನೋವು ಅಂತ ಹೋದೆ, ಇದು ಸಿಕ್ತು. ಸೋಮವಾರ ಕೆ.ಆರ್. ಪೇಟೆಗೆ ಹೋಗದದೆ, ಗೊಬ್ಬರಕ್ಕೆ ಅಂತ ಅವನ್ನೂ ಹೊರಡ್ಸ್ತೀನಿ. ಅಲ್ಟ್ರಾಸೌಂಡ್ ಅಂತ ಮೊದಲೇ ಹೇಳ್ಬೇಡ ನೀನು.